ಹಳೇ ಕಾರಿನ ಮೈಲೇಜ್: ನಂಬಿಕೆ ಎಷ್ಟು, ನಿಜ ಎಷ್ಟು?

ಬೆಂಗಳೂರಿನ ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ಗಳಲ್ಲಿ, ಪೀಣ್ಯದ ಶೆಡ್‌ಗಳ ಪಕ್ಕದಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ಬಡಾವಣೆಗಳಲ್ಲಿ ಈಗಲೂ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಕಾರ್ಬ್ಯುರೇಟರ್ ಕಾಲದ ಮಾರುತಿ 800 ಕಾರುಗಳು ಕಣ್ಣಿಗೆ ಬೀಳುತ್ತವೆ. ಅಪ್ಪನ ನೆನಪಿಗೆಂದು ಉಳಿಸಿಕೊಂಡವರಿದ್ದಾರೆ. ಆಸೆಪಟ್ಟು ಹುಡುಕಿ ಕೊಂಡು, ಸಂಬಳದ ದುಡ್ಡು ಸುರಿದು ರಿಪೇರಿ ಮಾಡಿಸಿದವರೂ ಇದ್ದಾರೆ. ಇವರಿಗೆ ದಾರಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಎಂಬುದೇ. ಅದರ ಬೆನ್ನಿಗೇ ಸಲಹೆಗಳೂ ಬರುತ್ತವೆ. ಅವುಗಳಲ್ಲಿ ಕೆಲವು ಪೆಟ್ರೋಲ್ ಉಳಿಸುವ ಹೆಸರಿನಲ್ಲಿ ಎಂಜಿನ್ ಕೆಡಿಸುತ್ತವೆ. ಇನ್ನು ಕೆಲವು ಒಂದು ಕಾಲಕ್ಕೆ ಸರಿಯಿದ್ದವು, ಇವತ್ತಿನ ಪೆಟ್ರೋಲಿಗೆ ಸರಿಹೋಗುವುದಿಲ್ಲ. ಹಳೇ ಕಾರು ಮೈಲೇಜ್ ಕೊಡಬೇಕಾದರೆ ಮೊದಲು ಅದನ್ನು ತಯಾರಕರು ಹೇಳಿದ ಸ್ಥಿತಿಗೆ ತರಬೇಕು, ಆಮೇಲೆ ಬೆಂಗಳೂರಿನ ಗಾಳಿಗೂ ಈಗಿನ ಪೆಟ್ರೋಲಿಗೂ ಹೊಂದಿಸಬೇಕು. ಹೀಗೆ ನೋಡಿದರೆ ಯಾವ ಮಾತು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ತಪ್ಪು ಕಲ್ಪನೆ 1: ಹಳೇ ಕಾರು ಕಬ್ಬಿಣದ ಗುಂಡು. ಆ ಭಾರಕ್ಕೆ ಮೈಲೇಜ್ ಬರುವುದೇ ಇಲ್ಲ.

ಸತ್ಯ: ಪದ್ಮಿನಿಯ ತೂಕ 900 ಕೆ.ಜಿ. ಆಸುಪಾಸು. ಇವತ್ತು ಹೊರವರ್ತುಲ ರಸ್ತೆಯಲ್ಲಿ ಓಡಾಡುವ ಎಷ್ಟೋ ಹ್ಯಾಚ್‌ಬ್ಯಾಕ್‌ಗಳೂ ಅಷ್ಟೇ ತೂಗುತ್ತವೆ. ಹಳೇ ಮಾರುತಿ 800 ಅಂತೂ ಸುಮಾರು 650 ಕೆ.ಜಿ. ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಕಂಪನಿಯ ಡಾಲ್ಫಿನ್ ಕಾರಿಗೆ ಫೈಬರ್ ಬಾಡಿ ಇತ್ತು. ಹಗುರತನವೇ ಅದರ ಬಲ. ಹೊಸ ಕಾರು ಹೆಚ್ಚು ಮೈಲೇಜ್ ಕೊಡುವುದಕ್ಕೆ ಮುಖ್ಯ ಕಾರಣ ತೂಕವಲ್ಲ. ಅದರ ಎಂಜಿನ್ ಪ್ರತಿ ಕ್ಷಣವೂ ಗಾಳಿಯನ್ನು ಅಳೆದು ತಕ್ಕಷ್ಟೇ ಪೆಟ್ರೋಲ್ ಚಿಮ್ಮಿಸುತ್ತದೆ. ಹಳೇ ಕಾರಿನಲ್ಲಿ ಆ ಲೆಕ್ಕ ಇಡುವುದು ಕಾರ್ಬ್ಯುರೇಟರ್. ಅದು ತಾನಾಗಿ ತಿದ್ದಿಕೊಳ್ಳುವುದಿಲ್ಲ, ನಾವೇ ತಿದ್ದಬೇಕು.

ತಪ್ಪು ಕಲ್ಪನೆ 2: ಮೈಲೇಜ್ ಬೇಕಾದರೆ ಕಾರ್ಬ್ಯುರೇಟರ್ ಲೀನ್ ಮಾಡಿಸಿ, ಸಣ್ಣ ಜೆಟ್ ಹಾಕಿಸಿ.

ಸತ್ಯ: ಇದು ಅತಿ ಹೆಚ್ಚು ಕೇಳಿಬರುವ ಸಲಹೆ. ಇದರಲ್ಲಿ ಒಂದು ಕಾಲಕ್ಕೆ ಅರ್ಥವೂ ಇತ್ತು. ಪದ್ಮಿನಿ ತಯಾರಾಗುತ್ತಿದ್ದುದು ಮುಂಬೈನ ಕುರ್ಲಾದಲ್ಲಿ, ಸಮುದ್ರ ಮಟ್ಟದಲ್ಲಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಸುಮಾರು ಶೇ 9ರಷ್ಟು ತೆಳು. ಕಾರ್ಬ್ಯುರೇಟರ್‌ಗೆ ಇದು ಗೊತ್ತಾಗುವುದಿಲ್ಲ. ಹಾಗಾಗಿ ಅದೇ ಜೆಟ್ಟಿನಲ್ಲಿ (ಪೆಟ್ರೋಲ್ ಹರಿಯುವ ಸಣ್ಣ ತೂತಿನಲ್ಲಿ) ಮಿಶ್ರಣ ಶೇ 4ರಿಂದ 5ರಷ್ಟು ರಿಚ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕುದಕ್ಕಿಂತ ಪೆಟ್ರೋಲ್ ಹೆಚ್ಚು. ಅನುಭವಿ ಮೆಕ್ಯಾನಿಕ್‌ಗಳು ಬೆಂಗಳೂರಿನ ಕಾರುಗಳನ್ನು ತುಸು ಲೀನ್ ಮಾಡುತ್ತಿದ್ದರೆ, ಅಂದರೆ ಪೆಟ್ರೋಲ್ ತಗ್ಗಿಸುತ್ತಿದ್ದರೆ, ಅದು ಸರಿಯಾದ ಕೆಲಸವೇ.

ಈಗ ಬದಲಾಗಿರುವುದು ಪೆಟ್ರೋಲ್. ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲಿನ ಒಳಗೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಕಡಿಮೆ ಗಾಳಿ ಸಾಕು. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆ.ಜಿ. ಗಾಳಿ ಬೇಕಾದರೆ, ಎಥನಾಲಿಗೆ ಸುಮಾರು 9 ಕೆ.ಜಿ. ಸಾಕು. ಹಳೇ ಜೆಟ್ಟಿನಲ್ಲಿ ಇ20 ಹರಿದರೆ ಮಿಶ್ರಣ ತಾನಾಗಿಯೇ ಸುಮಾರು ಶೇ 8ರಷ್ಟು ಲೀನ್ ಆಗುತ್ತದೆ. ಬೆಂಗಳೂರಿನ ಎತ್ತರ ಮಿಶ್ರಣವನ್ನು ಒಂದು ಕಡೆಗೆ ಎಳೆದರೆ ಇ20 ಇನ್ನೊಂದು ಕಡೆಗೆ ಇನ್ನೂ ಜೋರಾಗಿ ಎಳೆಯುತ್ತದೆ. ಹಳೇ ಪೆಟ್ರೋಲಿನ ಕಾಲದಲ್ಲಿ ಒಮ್ಮೆ ಲೀನ್ ಮಾಡಿಸಿದ ಕಾರನ್ನು ಈಗ ಮತ್ತೊಮ್ಮೆ ಲೀನ್ ಮಾಡಿಸಿದರೆ ಎಂಜಿನ್ ಬಿಸಿಯೇರುತ್ತದೆ, ಎಳೆಯುವಾಗ ಮುಗ್ಗರಿಸುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಶಕ್ತಿ ಸಾಲದೆ ಓಡಿಸುವವರು ಆಕ್ಸಿಲರೇಟರ್ ಇನ್ನಷ್ಟು ಒತ್ತುತ್ತಾರೆ. ಉಳಿಯಬೇಕಾದ ಪೆಟ್ರೋಲ್ ಅಲ್ಲಿಗೆ ಹೋಗುತ್ತದೆ.

ಮಿಶ್ರಣ ಸರಿಯಿದೆಯೇ ಎಂದು ನೋಡಲು ಎರಡು ದಾರಿಗಳಿವೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಎಂಜಿನ್ ತುಸು ಆರಲು ಬಿಟ್ಟು ಒಂದು ಪ್ಲಗ್ ಬಿಚ್ಚಿ ನೋಡಿ. ತುದಿಯ ಪಿಂಗಾಣಿ ತೆಳು ಕಂದು ಬಣ್ಣದಲ್ಲಿದ್ದರೆ ಸರಿ. ಕಪ್ಪು ಮಸಿ ಹಿಡಿದಿದ್ದರೆ ರಿಚ್. ಸುಣ್ಣದಂತೆ ಬೆಳ್ಳಗಾಗಿದ್ದರೆ ಲೀನ್. ಎರಡನೆಯದು ಎಮಿಷನ್ ಟೆಸ್ಟ್. ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನಲ್ಲಿ ಕೊಡುವ ಚೀಟಿಯನ್ನು ಬಹಳ ಮಂದಿ ಮಡಚಿ ಡ್ಯಾಶ್‌ಬೋರ್ಡಿಗೆ ಸೇರಿಸಿಬಿಡುತ್ತಾರೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ ಎಷ್ಟು ಎಂದು ನಮೂದಾಗಿರುತ್ತದೆ. ಆ ಅಂಕಿ ಹಿಂದಿನ ಸಲಕ್ಕಿಂತ ಏರಿದ್ದರೆ ಪೆಟ್ರೋಲ್ ಅರೆಬೆಂದು ಹೊರಹೋಗುತ್ತಿದೆ ಎಂದೇ ಅರ್ಥ. ಟ್ಯೂನಿಂಗ್‌ಗೆ ಹೋಗುವಾಗ ಆ ಚೀಟಿಯನ್ನು ಮೆಕ್ಯಾನಿಕ್ ಕೈಗೆ ಕೊಡಿ.

ತಪ್ಪು ಕಲ್ಪನೆ 3: ಇ20 ಬಂದಮೇಲೆ ಮೈಲೇಜ್ ಅರ್ಧಕ್ಕೆ ಇಳಿಯಿತು.

ಸತ್ಯ: ಇಳಿಯುವುದು ನಿಜ, ಅರ್ಧಕ್ಕಲ್ಲ. ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು. ಆ ಲೆಕ್ಕದಲ್ಲಿ ಎಥನಾಲ್ ಬೆರೆಸದ ಪೆಟ್ರೋಲಿಗಿಂತ ಇ20ಯಲ್ಲಿ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆ. ಲೀಟರಿಗೆ 14 ಕಿ.ಮೀ. ಕೊಡುತ್ತಿದ್ದ ಕಾರು 13ಕ್ಕೆ ಇಳಿದರೆ ಅದು ಪೆಟ್ರೋಲಿನ ಪಾಲು. 9ಕ್ಕೆ ಇಳಿದರೆ ಬೇರೆ ದೋಷವಿದೆ. ಎಥನಾಲಿನ ನಿಜವಾದ ತೊಂದರೆ ಹಳೇ ರಬ್ಬರಿಗೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬ್ಯುರೇಟರಿನ ವಾಷರ್‌ಗಳು ಊದಿ, ಮೆತ್ತಗಾಗಿ, ಒಸರತೊಡಗುತ್ತವೆ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಅದು ಮೈಲೇಜಿನ ಮಾತಷ್ಟೇ ಅಲ್ಲ, ಬೆಂಕಿಯ ಅಪಾಯ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೊಳ್ಳುವಾಗ ಎಥನಾಲ್ ತಡೆಯುವ ಪೈಪನ್ನೇ ಕೇಳಿ ಹಾಕಿಸಿ. ಈ ಖರ್ಚನ್ನು ಮುಂದೂಡಬೇಡಿ.

ತಪ್ಪು ಕಲ್ಪನೆ 4: ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆ, ಥರ್ಮೋಸ್ಟಾಟ್ ಕಿತ್ತುಹಾಕಿ.

ಸತ್ಯ: ಹೀಗೆ ಕಿತ್ತುಹಾಕಿದ ಕಾರುಗಳು ಊರತುಂಬ ಇವೆ. ಎಂಜಿನ್ ಸುಮಾರು 80 ಡಿಗ್ರಿ ಮುಟ್ಟುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವುದು ಥರ್ಮೋಸ್ಟಾಟಿನ ಕೆಲಸ. ಅದಿಲ್ಲದಿದ್ದರೆ ಬೆಳಗಿನ ಚಳಿಯಲ್ಲಿ ಹೂಡಿಯಿಂದ ಐಟಿಪಿಎಲ್‌ವರೆಗಿನ ಸಣ್ಣ ಪಯಣ ಮುಗಿದರೂ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಗೋಡೆಗೆ ಅಂಟುತ್ತದೆ, ಆಯಿಲ್ ಗಟ್ಟಿಯಾಗಿ ಎಳೆತ ಹೆಚ್ಚುತ್ತದೆ, ಸಿಲಿಂಡರ್ ಸವೆಯುತ್ತದೆ. ಕಾರು ಬಿಸಿಯಾಗುತ್ತಿದ್ದರೆ ಕಾರಣ ಹುಡುಕಬೇಕು: ಕಟ್ಟಿಕೊಂಡ ರೇಡಿಯೇಟರ್, ಸಡಿಲ ಫ್ಯಾನ್ ಬೆಲ್ಟ್, ಸವೆದ ವಾಟರ್ ಪಂಪ್, ತಡವಾಗಿ ಬೀಳುವ ಕಿಡಿ. ಅದನ್ನು ಸರಿಪಡಿಸಿ ಥರ್ಮೋಸ್ಟಾಟ್ ಮರಳಿ ಹಾಕಿಸಿ.

ತಪ್ಪು ಕಲ್ಪನೆ 5: ಬೆಳಿಗ್ಗೆ ಚೋಕ್ ಎಳೆದು ಹತ್ತು ನಿಮಿಷ ನಿಂತಲ್ಲೇ ಓಡಿಸಿ ಬಿಸಿ ಮಾಡಬೇಕು.

ಸತ್ಯ: ಬೆಂಗಳೂರಿನಲ್ಲಿ ಇದುವರೆಗಿನ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯಲ್ಲಿ ದಾಖಲಾದ 7.8 ಡಿಗ್ರಿ. ಸಾಮಾನ್ಯ ಜನವರಿ ಬೆಳಗು 15 ಡಿಗ್ರಿಯ ಆಸುಪಾಸು. ಹಿಮ ಬೀಳುವ ದೇಶದ ಕ್ರಮ ಇಲ್ಲಿಗೆ ಬೇಡ. ಚೋಕ್ ಎಳೆದಷ್ಟು ಹೊತ್ತೂ ಪೆಟ್ರೋಲ್ ಧಾರಾಳವಾಗಿ ಹರಿದು ಆಯಿಲಿಗೂ ಇಳಿಯುತ್ತದೆ. ಸ್ಟಾರ್ಟ್ ಆಗಿ ಅರ್ಧ ನಿಮಿಷಕ್ಕೆ ಆಯಿಲ್ ಮೇಲೇರಿರುತ್ತದೆ. ನಿಧಾನವಾಗಿ ಹೊರಟು, ಎಂಜಿನ್ ಒಪ್ಪಿದಷ್ಟೂ ಬೇಗ ಚೋಕ್ ಒಳಗೆ ತಳ್ಳಿ. ಬೀದಿ ಎರಡು ದಾಟಿದರೂ ಚೋಕ್ ಬೇಕೆನಿಸಿದರೆ ಟ್ಯೂನಿಂಗ್ ತಪ್ಪಿದೆ.

ತಪ್ಪು ಕಲ್ಪನೆ 6: ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ.

ಸತ್ಯ: ಹೊಸ ಕಾರುಗಳಿಗೆ ಇದು ಸುಳ್ಳು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಅವು ಪೆಟ್ರೋಲನ್ನೇ ನಿಲ್ಲಿಸುತ್ತವೆ. ಕಾರ್ಬ್ಯುರೇಟರ್ ಕಾರಿನಲ್ಲಿ ಆ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ನ್ಯೂಟ್ರಲ್‌ನಲ್ಲಿ ಕೆಲವು ಹನಿ ಉಳಿಯಬಹುದು. ಆದರೆ ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಬಹುಪಾಲು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ನಂದಿ ಬೆಟ್ಟದಂಥ ಉದ್ದ ಇಳಿಜಾರಿನಲ್ಲಿ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಗೇರ್ ಹಿಡಿದಿಟ್ಟ ಎಂಜಿನ್ ಆಗ ಬ್ರೇಕಿಗೆ ಆಸರೆ. ಕೀ ತಿರುಗಿಸಿ ಎಂಜಿನ್ ಆಫ್ ಮಾಡುವುದು ಇನ್ನೂ ಕೆಟ್ಟದ್ದು, ಲಾಕ್ ಇರುವ ಕಾರಿನಲ್ಲಿ ಸ್ಟೀರಿಂಗೇ ಕೂತುಬಿಡಬಹುದು. ಹನಿ ಪೆಟ್ರೋಲಿಗಾಗಿ ಜೀವ ಒಡ್ಡಬೇಡಿ.

ತಪ್ಪು ಕಲ್ಪನೆ 7: ಸಿಗ್ನಲ್‌ನಲ್ಲಿ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಮಾಡಲು ಹೆಚ್ಚು ಪೆಟ್ರೋಲ್ ಬೇಕು.

ಸತ್ಯ: ಬಿಸಿಯಾಗಿರುವ ಎಂಜಿನ್ ಸ್ಟಾರ್ಟ್ ಆಗಲು ಬೇಕಾದ ಪೆಟ್ರೋಲ್ ಕೆಲವೇ ಕ್ಷಣ ನಿಂತಲ್ಲೇ ಓಡಿದಷ್ಟು. ಪದ್ಮಿನಿಯಂಥ 1,089 ಸಿಸಿ ಎಂಜಿನ್ ಸುಮ್ಮನೆ ಓಡುತ್ತಾ ನಿಂತರೆ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಕುಡಿಯುತ್ತದೆ. ಸಿಲ್ಕ್ ಬೋರ್ಡ್, ಹೋಪ್ ಫಾರ್ಮ್, ಪೀಣ್ಯದ ಜಾಲಹಳ್ಳಿ ಕ್ರಾಸ್‌ನಲ್ಲಿ ಕಾಯುವವರಿಗೆ ಇದು ದೊಡ್ಡ ಲೆಕ್ಕ. ಕೈಕೊಡುತ್ತದೆಂಬ ಭಯದಿಂದ ಆಫ್ ಮಾಡದವರು ಬಹಳ. ಆ ಭಯಕ್ಕೆ ಮದ್ದು ಒಳ್ಳೆಯ ಬ್ಯಾಟರಿ, ಶುದ್ಧವಾದ ಅರ್ತ್ ವೈರು, ಕಿಡಿ ಹೊತ್ತಿಸುವ ಪಾಯಿಂಟ್‌ಗೆ ಸರಿಯಾದ ಅಂತರ. ಅರ್ಧ ಸುತ್ತಿಗೇ ಸ್ಟಾರ್ಟ್ ಆಗುವ ಕಾರನ್ನು ಉದ್ದ ಸಿಗ್ನಲ್‌ಗಳಲ್ಲಿ ನಿಶ್ಚಿಂತೆಯಿಂದ ಆಫ್ ಮಾಡಬಹುದು.

ತಪ್ಪು ಕಲ್ಪನೆ 8: ಟ್ಯಾಂಕಿಗೆ ನುಸಿಗುಳಿಗೆ ಹಾಕಿದರೆ, ಪ್ರೀಮಿಯಂ ಪೆಟ್ರೋಲ್ ತುಂಬಿಸಿದರೆ ಮೈಲೇಜ್ ಹೆಚ್ಚುತ್ತದೆ.

ಸತ್ಯ: ನುಸಿಗುಳಿಗೆ ಪೆಟ್ರೋಲಿನಲ್ಲಿ ಕರಗುತ್ತದೆ, ಪೆಟ್ರೋಲ್ ಆವಿಯಾಗುವಲ್ಲಿ ಮತ್ತೆ ಹರಳುಗಟ್ಟಿ ಜೆಟ್ಟಿನ ಸಣ್ಣ ತೂತು ಮುಚ್ಚುತ್ತದೆ. ಪ್ರೀಮಿಯಂ ಪೆಟ್ರೋಲಿನ ಹೆಚ್ಚಿನ ಆಕ್ಟೇನ್ ಎಂಜಿನ್ ಬಡಿಯದಂತೆ ತಡೆಯುವ ಗುಣ, ಶಕ್ತಿಯಲ್ಲ. ಕಂಪ್ರೆಷನ್ ಕಡಿಮೆಯಿರುವ ಹಳೇ ಎಂಜಿನ್‌ಗೆ ಅದರ ಅಗತ್ಯವೇ ಇಲ್ಲ.

ತಪ್ಪು ಕಲ್ಪನೆ 9: ಮೈಲೇಜ್ ಇಳಿಯಿತೆಂದರೆ ತಪ್ಪು ಕಾರ್ಬ್ಯುರೇಟರಿನದೇ.

ಸತ್ಯ: ವಾರವೆಲ್ಲ ನಿಂತು ಭಾನುವಾರ ಮಾತ್ರ ಹೊರಬರುವ ಕಾರಿನಲ್ಲಿ ಮೊದಲು ಶಂಕಿಸಬೇಕಾದದ್ದು ಬ್ರೇಕ್. ಚಕ್ರದ ಸಿಲಿಂಡರ್ ತುಕ್ಕು ಹಿಡಿದರೆ ಪೆಡಲ್ ಬಿಟ್ಟ ಮೇಲೂ ಲೈನರ್ ಡ್ರಮ್ಮಿಗೆ ಒರೆಯುತ್ತಲೇ ಇರುತ್ತದೆ. ಸಮತಟ್ಟಾದ ಕಡೆ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ ಕೈಯಿಂದ ತಿರುಗಿಸಿ. ಬಿಟ್ಟ ಮೇಲೂ ಒಂದೆರಡು ಸುತ್ತು ತಾನೇ ತಿರುಗಬೇಕು. ‘ಸರ್’ ಎಂದು ಸದ್ದು ಮಾಡಿ ಗಕ್ಕನೆ ನಿಂತರೆ ನಿಮ್ಮ ಪೆಟ್ರೋಲ್ ಆ ಡ್ರಮ್ಮನ್ನು ಕಾಯಿಸಲು ಹೋಗುತ್ತಿದೆ. ನಾಲ್ಕೂ ಚಕ್ರಕ್ಕೆ ಹೀಗೆ ನೋಡಿ. ಆಮೇಲೆ ಟೈರ್ ಗಾಳಿ: ಗುಂಡಿ ರಸ್ತೆಗೆ ಮೆತ್ತಗಿರಲಿ ಎಂದು ಗಾಳಿ ಇಳಿಸಿದರೆ ಎಂಜಿನ್ ಪ್ರತಿ ಮೀಟರಿಗೂ ಹೆಚ್ಚು ದುಡಿಯಬೇಕು. ಮೂರನೆಯದು ಕಿಡಿ: ಪಾಯಿಂಟ್ ಅಂತರ, ಟೈಮಿಂಗ್, ಹರಿದ ವ್ಯಾಕ್ಯೂಮ್ ಡಯಾಫ್ರಮ್. ಕಾರ್ಬ್ಯುರೇಟರಿನ ಸರದಿ ಕೊನೆಗೆ. ಅಲ್ಲಿಯೂ ಥ್ರಾಟಲ್ ಶಾಫ್ಟ್ ಸವೆದು ಸುಳ್ಳು ಗಾಳಿ ಎಳೆಯುತ್ತಿದ್ದರೆ ಎಷ್ಟು ಸ್ಕ್ರೂ ತಿರುಗಿಸಿದರೂ ಟ್ಯೂನಿಂಗ್ ನಿಲ್ಲದು. ಆ ಶಾಫ್ಟಿಗೆ ಹೊಸ ಬುಷ್ ಕೂರಿಸುವುದು ಪೀಣ್ಯದಂಥ ಲೇತ್ ಕೆಲಸದ ಊರಿನಲ್ಲಿ ಕಷ್ಟವೇನಲ್ಲ.

ಓಡಿಸುವ ರೀತಿ, ಅಳೆಯುವ ರೀತಿ

ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಬಹುಕಾಲದಿಂದ ಹೇಳುತ್ತಿರುವುದು ಗಂಟೆಗೆ 45ರಿಂದ 55 ಕಿ.ಮೀ. ವೇಗ. ಹಳೇ ಕಾರಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಟಾಪ್ ಗೇರಿಗೆ ಬೇಗ ಬನ್ನಿ, ಆದರೆ ಎಂಜಿನ್ ನಡುಗತೊಡಗಿದರೆ ಕೆಳ ಗೇರಿಗೆ ಇಳಿಸಿ. ಮುಂದಿನ ಸಿಗ್ನಲ್ ಕೆಂಪಾದದ್ದು ಕಂಡ ಕೂಡಲೇ ಆಕ್ಸಿಲರೇಟರ್ ಬಿಡಿ.

ಮೈಲೇಜ್ ಅಳೆಯಲು ಪೆಟ್ರೋಲ್ ಮುಳ್ಳನ್ನು ನಂಬಬೇಡಿ. ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, 200 ಕಿ.ಮೀ. ಆದರೂ ಓಡಿಸಿ, ಅಲ್ಲಿಯೇ ಮತ್ತೆ ತುಂಬಿಸಿ, ಓಡಿದ ದೂರವನ್ನು ಹಿಡಿದ ಲೀಟರಿನಿಂದ ಭಾಗಿಸಿ. ಟೈರಿನ ಅಳತೆ ಬದಲಾಗಿದ್ದರೆ ಓಡೋಮೀಟರ್ ತಪ್ಪು ಹೇಳುತ್ತದೆ. ತುಮಕೂರು ರಸ್ತೆಯ ಕಿಲೋಮೀಟರ್ ಕಲ್ಲುಗಳನ್ನು ನೋಡಿ ಒಮ್ಮೆ ತಾಳೆ ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿಸಿ, ಮತ್ತೆ ಅಳೆಯಿರಿ, ಬರೆದಿಡಿ. ಯಾವ ರಿಪೇರಿಯಿಂದ ಎಷ್ಟು ಬಂತೆಂಬುದು ನಿಮ್ಮದೇ ಪುಸ್ತಕದಲ್ಲಿ ಇದ್ದರೆ, ಮುಂದೆ ಯಾರು ಯಾವ ಉಪಾಯ ಹೇಳಿದರೂ ಅದನ್ನು ಆ ಅಂಕಿಗಳ ಎದುರು ಇಟ್ಟು ನೀವೇ ತೀರ್ಮಾನಿಸಬಹುದು.