ಉಂಡದ್ದು ನಿಲ್ಲದಿದ್ದರೆ

ಮನೆಯ ಹಿರಿಯರು ಊಟ ಮುಗಿಸಿ, ಸದ್ದಿಲ್ಲದೆ ಬಚ್ಚಲಿಗೆ ಹೋಗಿಬಂದರೆ ನಾವು ಗಮನಿಸುವುದು ಕಡಿಮೆ. ಕೇಳಿದರೂ "ಪಿತ್ತ ಕಣಪ್ಪಾ, ಏನೂ ಇಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ನನ್ನ ತಾಯಿಯವರೂ ಎರಡು ತಿಂಗಳು ಹಾಗೆಯೇ ಅಂದರು. ನಾನೂ ನಿಂಬೆಹಣ್ಣಿನ ಪಾನಕ ಕೊಟ್ಟು ಸುಮ್ಮನಿದ್ದೆ. ಅವರ ರವಿಕೆ ಸಡಿಲವಾದುದನ್ನು ಕಂಡು ವೈದ್ಯರಲ್ಲಿಗೆ ಕರೆದೊಯ್ದವಳು ನನ್ನ ಹೆಂಡತಿ. ಜಠರದ ಕೆಳಬಾಯಿ ಹಳೆಯ ಹುಣ್ಣಿನಿಂದ ಕಿರಿದಾಗಿತ್ತು.

ವಾಚಕರೇ, ವಾಂತಿಯೆಂಬುದು ರೋಗವಲ್ಲ, ರೋಗದ ಕುರುಹು. ನುಂಗಿದ ತುತ್ತು ಓಕರಿಕೆಯಿಲ್ಲದೆ ಹಾಗೆಯೇ ಮೇಲಕ್ಕೆ ಬಂದರೆ ತೊಂದರೆ ಅನ್ನನಾಳದಲ್ಲಿರಬಹುದು. ಉಂಡು ಹಲವು ಗಂಟೆಗಳಾದ ಮೇಲೂ ಅರೆಯದ ಅನ್ನವೇ ಹೊರಬಿದ್ದರೆ ಜಠರ ಬರಿದಾಗುತ್ತಿಲ್ಲವೆಂದು ಶಂಕಿಸಬೇಕು. ಹುಣ್ಣೋ ಗಡ್ಡೆಯೋ ದಾರಿ ಕಟ್ಟಿರಬಹುದು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಜಠರದ ನರಗಳು ಸೋತಿರಲೂಬಹುದು. ಎಣ್ಣೆ ತಿಂಡಿಯ ಬಳಿಕ ಬಲಪಕ್ಕೆಯ ನೋವಿನೊಡನೆ ಬರುವ ವಾಂತಿಗೆ ಪಿತ್ತಕೋಶದ ಕಲ್ಲು ಕಾರಣವಾಗಿರುವುದುಂಟು. ಮಂಡಿನೋವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಮೆಟ್‌ಫಾರ್ಮಿನ್, ಡಿಜಾಕ್ಸಿನ್ ಮೊದಲಾದ ಔಷಧಗಳಿಂದಲೂ ವಾಂತಿಯಾಗುತ್ತದೆ. ಆದುದರಿಂದ ವೈದ್ಯರಲ್ಲಿಗೆ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಕೊಂಡೊಯ್ಯಿರಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಕಾರಣ ತಿಳಿದರೆ ಚಿಕಿತ್ಸೆಯುಂಟು. ಹುಣ್ಣಿಗೆ ಆಮ್ಲ ತಗ್ಗಿಸುವ ಔಷಧ, ಸೋಂಕಿದ್ದರೆ ಅದಕ್ಕೂ ಔಷಧ. ಕಿರಿದಾದ ದಾರಿಯನ್ನು ಎಂಡೋಸ್ಕೋಪಿಯ ಮೂಲಕ ಬಲೂನಿನಿಂದ ಹಿಗ್ಗಿಸುತ್ತಾರೆ, ಇಲ್ಲವೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಮನೆಯಲ್ಲಿ ಮಾಡಬೇಕಾದುದು ಇಷ್ಟು. ಎರಡು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಬಡಿಸಿ. ಕರಿದುದನ್ನು ಬಿಡಿಸಿ. ಉಂಡ ಮೇಲೆ 2-3 ಗಂಟೆ ಮಲಗಗೊಡಬೇಡಿ. ವಾಂತಿಯಾದಾಗ ಕಾಯಿಸಿ ಆರಿಸಿದ 1 ಲೀಟರು ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕೊಡಿ. ಹೃದ್ರೋಗ, ಮೂತ್ರಪಿಂಡದ ರೋಗ ಅಥವಾ ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳತಕ್ಕದ್ದು. ಇನ್ಸುಲಿನ್ ತೆಗೆದುಕೊಂಡವರು ಉಂಡದ್ದನ್ನೆಲ್ಲ ಕಾರಿಕೊಂಡರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು, ಕೂಡಲೇ ಪರೀಕ್ಷಿಸಿರಿ.

ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥ ಕಪ್ಪು, ಡಾಂಬರಿನಂಥ ಮಲ, ಎದೆಯ ಅಥವಾ ಹೊಟ್ಟೆಯ ತೀವ್ರ ನೋವು, ಉಬ್ಬಸ, ಮಂಕು, ನೀರೂ ನಿಲ್ಲದಿರುವುದು—ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಹೃದಯಾಘಾತವೂ ಮುದುಕರಲ್ಲಿ ಕೆಲವೊಮ್ಮೆ ಬರಿಯ ವಾಂತಿ, ಬೆವರುಗಳಾಗಿ ತೋರುತ್ತದೆ.

ನನ್ನ ತಾಯಿ ಗುಣಹೊಂದಿದರು. ಮಕ್ಕಳಿಗೆ ತೊಂದರೆಯಾದೀತೆಂದು ಹಿರಿಯರು ಬಾಯಿಬಿಡುವುದಿಲ್ಲ. ಇಂದು ಎಲೆ ತೆಗೆದ ಮೇಲೆ ಹತ್ತಿರ ಕುಳಿತು ಒಂದು ಮಾತು ಕೇಳಿರಿ: "ಅಮ್ಮಾ, ಉಂಡದ್ದು ನಿಂತಿತೇ?"