ಹೆಸರಿಲ್ಲದ ನೋವಿಗೆ ವೈದ್ಯರ ಕೂಟ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ನಮ್ಮ ಅನೇಕ ಮನೆಗಳಲ್ಲಿ ಕಪಾಟಿನ ಮೇಲೊಂದು ದಪ್ಪ ಕೈಚೀಲವಿರುತ್ತದೆ. ಅದರಲ್ಲಿ ಹುಬ್ಬಳ್ಳಿಯ ಎಕ್ಸರೇ, ಮಣಿಪಾಲದ ಸ್ಕ್ಯಾನು, ಶಿವಮೊಗ್ಗೆಯ ರಕ್ತಪರೀಕ್ಷೆಯ ಚೀಟಿಗಳು. ಎಲ್ಲವೂ ದೋಷವಿಲ್ಲವೆಂದೇ ಹೇಳುತ್ತವೆ. ಆದರೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಸೊಸೆಯ ಸೊಂಟನೋವು ಮಾತ್ರ ನಿಂತಿರುವುದಿಲ್ಲ. ಒಬ್ಬ ವೈದ್ಯರು ಮೂಳೆಯದೆಂದರೆ ಇನ್ನೊಬ್ಬರು ನರದ್ದೆನ್ನುತ್ತಾರೆ, ಮತ್ತೊಬ್ಬರು ಮನಸ್ಸಿನದೆನ್ನುತ್ತಾರೆ. ಕಡೆಗೆ ಮನೆಯವರೇ, "ಅವಳಿಗೆ ಏನೂ ಇಲ್ಲವಂತೆ" ಎಂದುಬಿಡುತ್ತಾರೆ. ನೋವಿಗಿಂತ ಈ ಮಾತೇ ಹೆಚ್ಚು ನೋಯಿಸುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು.

ಮೂರು ತಿಂಗಳಿಗೂ ಮೀರಿ ಉಳಿಯುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕ ನೋವು ಎಂದು ಕರೆಯುತ್ತದೆ. ಗಾಯವಾಗಲಿ ರೋಗವಾಗಲಿ ಕಾಣಿಸದಿದ್ದರೂ ನೋವು ನಿಜವಾಗಿರಬಲ್ಲದು. ಕಳ್ಳ ಹೋದ ಮೇಲೂ ಬೊಗಳುವ ನಾಯಿಯಂತೆ ನರಮಂಡಲವು ಎಚ್ಚರಿಕೆ ಕೊಡುತ್ತಲೇ ಇರಬಹುದು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಇಂತಹ ನೋವು ತಾನೇ ಒಂದು ವ್ಯಾಧಿಯೆಂಬ ಸ್ಥಾನ ಪಡೆದಿದೆ. ಆದುದರಿಂದ "ಏನೂ ಇಲ್ಲ" ಎಂಬುದು ಸರಿಯಾದ ಉತ್ತರವಲ್ಲ.

ಹಲವು ವೈದ್ಯರು ಒಟ್ಟಿಗೆ ಕುಳಿತು ಒಬ್ಬ ರೋಗಿಯನ್ನು ಕುರಿತು ವಿಚಾರಿಸುವ ಕ್ರಮವನ್ನು ಬೆಳೆಸಿದವರು ಅಮೆರಿಕದ ಜಾನ್ ಬೊನಿಕಾ. ಅವರು ವೈದ್ಯರೂ ಹೌದು, ಕುಸ್ತಿ ಪೈಲ್ವಾನರೂ ಹೌದು. ಅಖಾಡದ ಪೆಟ್ಟುಗಳಿಂದ ತಾವೇ ಜೀವಮಾನವಿಡೀ ನೋವುಂಡವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ಆಸ್ಪತ್ರೆಯಲ್ಲಿದ್ದಾಗ, ಗಾಯ ಮಾಯ್ದರೂ ನೋವು ಮಾಯದ ಸೈನಿಕರನ್ನು ಕಂಡು, ಬೇರೆ ಬೇರೆ ವಿಭಾಗದ ವೈದ್ಯರೊಡನೆ ಊಟದ ವೇಳೆ ಚರ್ಚಿಸತೊಡಗಿದರು. ಮುಂದೆ 1961ರ ಸುಮಾರಿಗೆ ಸಿಯಾಟಲ್‌ನ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದಲ್ಲಿ ನೋವಿನ ಚಿಕಿತ್ಸಾಲಯ ತೆರೆದಾಗ ಅವರ ಜೊತೆಗಿದ್ದವರು ನರಶಸ್ತ್ರವೈದ್ಯ ಲೋವೆಲ್ ವೈಟ್ ಮತ್ತು ಶುಶ್ರೂಷಕಿ ಡೊರೊಥಿ ಕ್ರೌಲಿ. ದಾದಿಯೊಬ್ಬರ ಮಾತಿಗೂ ಅಲ್ಲಿ ಬೆಲೆಯಿದ್ದಿತು. ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ನಾನಾ ಕಾಯಕದವರು ಕೂಡಿ ಕುಳಿತ, ವೈದ್ಯ ಸಂಗಣ್ಣನಂತಹ ವೈದ್ಯನನ್ನೂ ಶರಣನೆಂದು ಗೌರವಿಸಿದ ಪರಂಪರೆಯ ನಮಗೆ ಇದು ಅಪರಿಚಿತವೆನಿಸಬಾರದು.

ಇಂತಹ ಕೂಟದಿಂದ ರೋಗಿಗೆ ಸಮಾಧಾನ ದೊರೆಯುವುದೇ? 1992ರಲ್ಲಿ 65 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಂಶೋಧಕರು, ಹಲವು ವಿಭಾಗಗಳು ಕೂಡಿ ನೀಡುವ ಚಿಕಿತ್ಸೆಯು ಒಂಟಿ ಚಿಕಿತ್ಸೆಗಿಂತ ಮೇಲೆಂದು ಕಂಡುಕೊಂಡರು. ಕೆಲಸಕ್ಕೆ ಮರಳುವುದರಲ್ಲಿಯೂ ಪ್ರಯೋಜನ ಕಂಡಿತ್ತು. ಆದರೆ ಶಮನ ಬೇರೆ, ಸಮಾಧಾನ ಬೇರೆ. ನೋವು ಪೂರ್ತಿ ಇಳಿಯದೆಯೂ ಸಮಾಧಾನದಿಂದ ಮರಳುವವರುಂಟು. ತಮ್ಮ ಮಾತನ್ನು ಕೊನೆಯವರೆಗೆ ಕೇಳಿದರು, ನಂಬಿದರು, ತಿಳಿಯುವಂತೆ ಹೇಳಿದರು ಎಂಬುದೇ ಅವರಿಗೆ ದೊಡ್ಡದು. ಇದಕ್ಕೆ ವಿರುದ್ಧವಾಗಿ, ಐದು ಜನ ವೈದ್ಯರು ರೋಗಿಯ ಮುಂದೆಯೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಎದ್ದುಹೋದರೆ ಭಯ ಇಮ್ಮಡಿಯಾಗುತ್ತದೆ. ಕೂಟದ ಪರವಾಗಿ ಒಬ್ಬರು ಕನ್ನಡದಲ್ಲಿ ಒಂದೇ ಮಾತು ಹೇಳಬೇಕು. ಮುಂದೆ ಯಾರನ್ನು ಕಾಣಬೇಕೆಂಬುದೂ ಅದರಲ್ಲಿರಬೇಕು.

ನಮ್ಮ ಮೂರೂ ತಾಲ್ಲೂಕುಗಳಲ್ಲಿ ವೈದ್ಯಕೀಯ ಕಾಲೇಜಿಲ್ಲ. ಜಿಲ್ಲೆಯದು ಘಟ್ಟದ ಕೆಳಗೆ ಕಾರವಾರದಲ್ಲಿದೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯಲ್ಲೆಲ್ಲ ಎದ್ದ ಕೂಗು ಓದುಗ ಬಂಧುಗಳ ನೆನಪಿನಲ್ಲಿರಬಹುದು. ಅಲ್ಲಿಯವರೆಗೆ ಸುಮ್ಮನಿರಬೇಕಾಗಿಲ್ಲ. ಊರಿನ ಒಬ್ಬ ವೈದ್ಯರನ್ನು ಗಟ್ಟಿಯಾಗಿ ಹಿಡಿದುಕೊಂಡು, ಚೀಲದ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಅವರ ಮುಂದಿಡಬೇಕು. ನೋವು ಯಾವ ಹೊತ್ತಿನಲ್ಲಿ ಏರುತ್ತದೆ, ಯಾವ ಕೆಲಸ ತಪ್ಪುತ್ತದೆ, ನಿದ್ರೆಯೆಷ್ಟು ಎಂಬುದನ್ನು ಹದಿನೈದು ದಿನ ಬರೆದಿಡಬೇಕು. 2019ರಲ್ಲಿ ಆರಂಭವಾದ ಇ-ಸಂಜೀವಿನಿಯ ಮೂಲಕ ಸರಕಾರಿ ಆರೋಗ್ಯ ಕೇಂದ್ರದ ವೈದ್ಯರು ದೂರದ ತಜ್ಞರೊಡನೆ ರೋಗಿಯ ಸಮ್ಮುಖದಲ್ಲಿಯೇ ಮಾತಾಡಬಹುದಾಗಿದೆ; ಅದನ್ನು ಕೇಳಿ ಪಡೆಯಬೇಕು.

ಒಂದು ಎಚ್ಚರಿಕೆ. ಜ್ವರ, ತೂಕ ಇಳಿಯುವುದು, ಕೈಕಾಲು ಸೋಲುವುದು, ಮಲಮೂತ್ರ ಕಟ್ಟುವುದು ನೋವಿನ ಜೊತೆಗಿದ್ದರೆ ಕೂಟಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಹಬ್ಬಿದ ಮಂಗನ ಕಾಯಿಲೆಯೂ ಜ್ವರ, ಮೈಕೈ ನೋವುಗಳಿಂದಲೇ ಆರಂಭವಾಗುತ್ತದೆ.

ಬೆಳಗಾವಿ, ದಾವಣಗೆರೆ, ಮೈಸೂರುಗಳಲ್ಲಿ ನಮ್ಮ ಮಠಗಳೂ ಹಿರಿಯರೂ ಕಟ್ಟಿ ಬೆಳೆಸಿದ ವೈದ್ಯಕೀಯ ಕಾಲೇಜುಗಳಿವೆ. ಬೆಳಗಾವಿಯದು 1963ರದು, ದಾವಣಗೆರೆಯದು 1965ರದು, ಮೈಸೂರಿನದು 1984ರದು. ಉಚಿತ ತಪಾಸಣಾ ಶಿಬಿರಗಳಲ್ಲಿ ಮೂಳೆ, ನರ, ಸ್ತ್ರೀರೋಗ, ಮನೋರೋಗ ತಜ್ಞರು ಒಂದೇ ಚಪ್ಪರದಡಿ ಸೇರಿದರೂ ರೋಗಿ ನಿಲ್ಲುವುದು ಬೇರೆ ಬೇರೆ ಸಾಲಿನಲ್ಲಿ. ಈ ಸಂಸ್ಥೆಗಳನ್ನು ನಮ್ಮ ತಾಲ್ಲೂಕುಗಳಿಗೆ ಆಹ್ವಾನಿಸುವ ಸಮಾಜ ಬಾಂಧವರು ಮಧ್ಯಾಹ್ನದ ಎರಡು ಗಂಟೆಗಳನ್ನು ಮೀಸಲಿರಿಸಿ, ಈ ತಜ್ಞರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂಡಿಸಿ, ಹಳೆಯ ನೋವಿನ ಹತ್ತು ಜನರನ್ನಾದರೂ ಒಬ್ಬೊಬ್ಬರಾಗಿ ಕರೆಯುವಂತೆ ಕೇಳಿಕೊಳ್ಳಬೇಕೆಂದು ನಮ್ಮ ವಿನಂತಿ. ಅಡಿಕೆ ಸುಲಿಯುವ ಕೆಲಸ ಮುಗಿದ ಮೇಲೆ ದಿನ ಗೊತ್ತುಮಾಡಿದರೆ ಹೆಣ್ಣುಮಕ್ಕಳಿಗೂ ಬರಲು ಅನುಕೂಲವಾಗುತ್ತದೆ.