ಕ್ಲಾಸ್ ಅರ್ಥ ಆಯ್ತು ಅನ್ನಿಸಿದ್ರೆ, ನಿಜವಾಗಿ ಕಲಿತಿದ್ದೀವಾ?

ಇವತ್ತು ಒಂದು ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಹೆದ್ದಾರಿಯಲ್ಲಿ ಲೋಡ್ ತುಂಬಿದ ಲಾರಿಯೊಂದು ಸಣ್ಣ ಕಾರಿಗೆ ಡಿಕ್ಕಿ ಹೊಡೆಯುತ್ತೆ. ಆ ಕ್ಷಣದಲ್ಲಿ ಯಾರು ಯಾರ ಮೇಲೆ ಹೆಚ್ಚು ಬಲ ಹಾಕ್ತಾರೆ? ಲಾರಿ ಕಾರಿನ ಮೇಲೋ, ಕಾರು ಲಾರಿಯ ಮೇಲೋ, ಅಥವಾ ಎರಡೂ ಸಮಾನಾನೋ? ಉತ್ತರ ಮನಸ್ಸಲ್ಲೇ ಇಟ್ಕೊಳ್ಳಿ, ಆಮೇಲೆ ವಾಪಸ್ ಬರೋಣ.

ಎರಿಕ್ ಮಝೂರ್ ಅಂತ ಒಬ್ಬ ಪ್ರೊಫೆಸರ್. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1984ರಿಂದ ಭೌತಶಾಸ್ತ್ರ ಪಾಠ ಮಾಡ್ತಿದ್ದವರು. ವಿದ್ಯಾರ್ಥಿಗಳಿಂದ ಒಳ್ಳೆ ಫೀಡ್‌ಬ್ಯಾಕ್ ಬರ್ತಿತ್ತು, ಕಷ್ಟದ ಲೆಕ್ಕಗಳನ್ನೂ ಹುಡುಗರು ಬಿಡಿಸ್ತಿದ್ರು. ಹಾಗಾಗಿ ತಾನು ಒಳ್ಳೆ ಮೇಷ್ಟ್ರು ಅಂತಲೇ ಅವರು ನಂಬಿದ್ರು. 1990ರ ಸುಮಾರಿಗೆ, ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ್ದ ಒಂದು ಸಣ್ಣ ಪರೀಕ್ಷೆ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಸೂತ್ರ ಇಲ್ಲ, ಲೆಕ್ಕ ಇಲ್ಲ. ನಾನು ಈಗ ಕೇಳಿದ ಲಾರಿ-ಕಾರಿನಂಥ ಪ್ರಶ್ನೆಗಳು ಅಷ್ಟೇ.

ಮಝೂರ್ ಅದನ್ನೇ ತಮ್ಮ ಕ್ಲಾಸಿಗೆ ಕೊಟ್ರು. ಆಗ ಒಬ್ಬ ವಿದ್ಯಾರ್ಥಿನಿ ಕೇಳಿದ್ದೇನು ಗೊತ್ತಾ? ಇದಕ್ಕೆ ನೀವು ಹೇಳಿಕೊಟ್ಟ ಹಾಗೆ ಉತ್ತರ ಬರೀಬೇಕಾ, ಇಲ್ಲ ನನಗೆ ನಿಜವಾಗಿ ಅನ್ನಿಸೋ ಹಾಗೆ ಬರೀಬೇಕಾ ಅಂತ! ಆ ಒಂದು ಮಾತಲ್ಲೇ ಎಲ್ಲಾ ಇದೆ. ಪಾಠ ಒಂದು ಕಡೆ, ನಂಬಿಕೆ ಇನ್ನೊಂದು ಕಡೆ. ರಿಸಲ್ಟ್ ಕೂಡ ಮಝೂರ್ ಅಂದುಕೊಂಡಷ್ಟು ಚೆನ್ನಾಗಿರಲಿಲ್ಲ.

ಈಗ ಉತ್ತರ. ಎರಡೂ ಬಲ ಸಮಾನ. ನ್ಯೂಟನ್ನನ ಮೂರನೇ ನಿಯಮ. ಕಾರು ಯಾಕೆ ನಜ್ಜುಗುಜ್ಜಾಗುತ್ತೆ ಅಂದ್ರೆ, ಅದರ ತೂಕ ಕಡಿಮೆ. ಅಷ್ಟೇ ಬಲಕ್ಕೆ ಅದರ ವೇಗ ತುಂಬಾ ಜಾಸ್ತಿ ಬದಲಾಗುತ್ತೆ. ‘ಪ್ರತಿ ಕ್ರಿಯೆಗೂ ಸಮಾನ ಪ್ರತಿಕ್ರಿಯೆ’ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೀವಿ. ಆದ್ರೂ ನಾನು ಮೊದಲ ಸಲ ಈ ಪ್ರಶ್ನೆ ನೋಡಿದಾಗ ಲಾರಿ ಅಂತಲೇ ಹೇಳಿದ್ದೆ.

ಪಕ್ಕದವರನ್ನ ಕೇಳಿ

ಮಝೂರ್ ಒಂದು ಪ್ರಶ್ನೆಯನ್ನ ಬೋರ್ಡ್ ಮೇಲೆ ವಿವರಿಸಿದ್ರು. ಅರ್ಥ ಆಗಲಿಲ್ಲ. ಇನ್ನೊಂದು ರೀತಿ ವಿವರಿಸಿದ್ರು. ಆಗಲೂ ಮುಖಗಳು ಖಾಲಿ. ಬೇರೆ ದಾರಿ ಕಾಣದೆ, ‘ನೀವು ನೀವೇ ಮಾತಾಡ್ಕೊಳ್ಳಿ’ ಅಂದ್ರು. ಕ್ಲಾಸ್ ಪೂರ್ತಿ ಸಂತೆ ಆಯ್ತು. ಆದ್ರೆ ಕೆಲವೇ ನಿಮಿಷದಲ್ಲಿ ಹುಡುಗರು ಸರಿ ಉತ್ತರಕ್ಕೆ ಬಂದಿದ್ರು.

ಇದು ಹೇಗೆ ಸಾಧ್ಯ? ಮೇಷ್ಟ್ರು ಆ ವಿಷಯ ಕಲಿತು ಎಷ್ಟೋ ವರ್ಷ ಆಗಿರುತ್ತೆ. ಎಲ್ಲಿ ಎಡವಿದ್ವಿ ಅನ್ನೋದು ಅವರಿಗೆ ಮರೆತೇ ಹೋಗಿರುತ್ತೆ. ಪಕ್ಕದ ಬೆಂಚಿನವಳು ಅದನ್ನ ಈಗ ತಾನೇ ದಾಟಿದ್ದಾಳೆ, ಕಲ್ಲು ಎಲ್ಲಿದೆ ಅಂತ ಅವಳಿಗೆ ಚೆನ್ನಾಗಿ ಗೊತ್ತು.

ಇದೇ ಮುಂದೆ ‘ಪೀರ್ ಇನ್‌ಸ್ಟ್ರಕ್ಷನ್’ ಅನ್ನೋ ವಿಧಾನ ಆಯ್ತು. ಸ್ವಲ್ಪ ಹೊತ್ತು ಪಾಠ, ಆಮೇಲೆ ಒಂದು ಪ್ರಶ್ನೆ. ಒಂದೆರಡು ನಿಮಿಷ ಒಬ್ಬೊಬ್ಬರೇ ಯೋಚಿಸಿ ಓಟ್ ಹಾಕಬೇಕು. ಬಹುತೇಕ ಎಲ್ಲರೂ ಸರಿ ಹೇಳಿದ್ರೆ ಮುಂದಕ್ಕೆ. ತೀರಾ ಕಡಿಮೆ ಜನ ಹೇಳಿದ್ರೆ ಮತ್ತೆ ಪಾಠ. ನಡುವೆ ಇದ್ರೆ ಪಕ್ಕದವರ ಜೊತೆ ಚರ್ಚೆ, ಮತ್ತೆ ಓಟ್, ಕೊನೆಗೆ ವಿವರಣೆ. ಕ್ಲಿಕ್ಕರ್ ಬೇಕಿಲ್ಲ, ಕೈ ಎತ್ತಿದರೂ ಸಾಕು.

‘ಬುದ್ಧಿವಂತನ ಉತ್ತರ ಕಾಪಿ ಹೊಡೀತಾರೆ ಅಷ್ಟೇ’ ಅಂತ ನಿಮಗೆ ಅನ್ನಿಸಬಹುದು. ಕೊಲರಾಡೋ ವಿಶ್ವವಿದ್ಯಾಲಯದ ಸಂಶೋಧಕರಿಗೂ ಇದೇ ಅನುಮಾನ. ಅವರು ಚರ್ಚೆ ಆದ ಮೇಲೆ, ಅದೇ ತತ್ವದ ಮೇಲೆ ಇನ್ನೊಂದು ಹೊಸ ಪ್ರಶ್ನೆ ಕೇಳಿ, ಒಬ್ಬೊಬ್ಬರೇ ಉತ್ತರಿಸಿ ಅಂದ್ರು. ಮೊದಲು ತಪ್ಪಾಗಿ ಉತ್ತರಿಸಿದ್ದ ಎಷ್ಟೋ ಜನ ಇದನ್ನ ಸರಿಯಾಗಿ ಮಾಡಿದ್ರು. 2009ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಗುಂಪಿನಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದಿದ್ದರೂ ಚರ್ಚೆಯಿಂದ ಲಾಭ ಇದೆ.

34 ಮತ್ತು 22

2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಡಿಗ್ರಿ ಕ್ಲಾಸುಗಳ 225 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಬರೀ ಲೆಕ್ಚರ್ ಇದ್ದ ಕಡೆ 100ಕ್ಕೆ ಸುಮಾರು 34 ಜನ ಫೇಲ್. ವಿದ್ಯಾರ್ಥಿಗಳೇ ಕೆಲಸ ಮಾಡೋ ಕ್ಲಾಸಿನಲ್ಲಿ ಸುಮಾರು 22. ನಿಮ್ಮ ಸೆಕ್ಷನ್‌ನಲ್ಲಿ 100 ಜನ ಇದ್ದಾರೆ ಅಂದ್ಕೊಳ್ಳಿ. ಆ 12 ಜನರಿಗೆ ಬ್ಯಾಕ್‌ಲಾಗ್, ಮತ್ತೆ ಫೀಸು, ಮನೆಯಲ್ಲಿ ಮುಖ ತೋರಿಸೋ ಸಂಕಟ ಎಲ್ಲಾ ತಪ್ಪುತ್ತೆ.

ಹಾಗಾದ್ರೆ ಎಲ್ಲರೂ ಯಾಕೆ ಹೀಗೆ ಕಲಿಸಲ್ಲ? ಒಂದು ಕಾರಣ ನಾವೇ. 2019ರಲ್ಲಿ ಹಾರ್ವರ್ಡ್‌ನಲ್ಲೇ ಒಂದು ಪ್ರಯೋಗ ಆಯ್ತು. ವಿಷಯ ಒಂದೇ. ಒಂದು ಗುಂಪಿಗೆ ಸೊಗಸಾದ ಲೆಕ್ಚರ್, ಇನ್ನೊಂದು ಗುಂಪು ತಾವೇ ತಿಣುಕಾಡಿ ಸಮಸ್ಯೆ ಬಿಡಿಸಬೇಕು. ಟೆಸ್ಟ್‌ನಲ್ಲಿ ತಿಣುಕಾಡಿದವರಿಗೇ ಹೆಚ್ಚು ಅಂಕ. ಆದ್ರೆ ಎಷ್ಟು ಕಲಿತ್ರಿ ಅಂತ ಕೇಳಿದಾಗ, ಹೆಚ್ಚು ಕಲಿತೆವು ಅಂದಿದ್ದು ಲೆಕ್ಚರ್ ಕೇಳಿದವರು!

ಕಾರಣ ಸರಳ. ಒಳ್ಳೆ ಲೆಕ್ಚರ್ ನಯವಾಗಿ ಹರಿಯುತ್ತೆ, ಆ ನಯವನ್ನೇ ನಾವು ಅರ್ಥ ಆಗಿದ್ದು ಅಂದ್ಕೋತೀವಿ. ಒಬ್ಬರು ಈಜೋದನ್ನ ದಡದಲ್ಲಿ ಕೂತು ನೋಡಿ, ನನಗೂ ಬರುತ್ತೆ ಅಂದ ಹಾಗೆ. ತಲೆ ಬಿಸಿ ಆಗೋದು ಕಲಿಕೆ ನಡೀತಿರೋದರ ಗುರುತೂ ಆಗಿರಬಹುದು. ಪ್ರಶ್ನೆ ಕೇಳಿ ಸತಾಯಿಸೋ ಮೇಷ್ಟ್ರಿಗೆ ಫೀಡ್‌ಬ್ಯಾಕ್ ಫಾರಂನಲ್ಲಿ ಕಡಿಮೆ ಅಂಕ ಕೊಡೋ ಮುಂಚೆ ಇದು ನೆನಪಿರಲಿ.

ನಿಮ್ಮ ಕಾಲೇಜಿನಲ್ಲಿ ಇದ್ಯಾವುದೂ ಇಲ್ಲ ಅಂದ್ರೂ ಪರವಾಗಿಲ್ಲ. ಇವತ್ತಿನ ಪಾಠದ ನೋಟ್ಸ್ ಮುಚ್ಚಿಟ್ಟು, ನೆನಪಿದ್ದಷ್ಟು ಬರೆದು ನೋಡಿ. ಹಳೇ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಗೆ ನೀವು ಮತ್ತು ಗೆಳೆಯ ಬೇರೆ ಬೇರೆ ಉತ್ತರ ಬರೆದು, ಆಮೇಲೆ ಜಗಳ ಆಡಿ. ಇಬ್ಬರ ಉತ್ತರ ಬೇರೆ ಆದ್ರೆ ಇನ್ನೂ ಒಳ್ಳೇದು.

ಶುರು ಮಾಡೋಕೆ ಲಾರಿ-ಕಾರಿನ ಪ್ರಶ್ನೆ ಇದೆಯಲ್ಲ, ಇವತ್ತು ಮನೆಯಲ್ಲಿ ಯಾರನ್ನಾದ್ರೂ ಕೇಳಿ. ಉತ್ತರ ಮಾತ್ರ ತಕ್ಷಣ ಹೇಳಬೇಡಿ!